ನರೋರಾದ ಆ ಎರಡು ಬ್ಲೇಡುಗಳು

1993ರ ಮಾರ್ಚ್ 31, ಬೆಳಗಿನ ಜಾವ ಸುಮಾರು ಮೂರೂವರೆ. ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯಲ್ಲಿ ಗಂಗೆಯ ದಂಡೆಯ ಮೇಲೆ ನರೋರಾ ಅಣು ವಿದ್ಯುತ್ ಸ್ಥಾವರ ಇದೆ. ಅದರ ಮೊದಲನೇ ಘಟಕ ಎಂದಿನಂತೆ ನಡೆಯುತ್ತಿತ್ತು. 220 ಮೆಗಾವ್ಯಾಟ್ ವರ್ಗದ ಯಂತ್ರ, ಆ ಹೊತ್ತಿಗೆ ಸುಮಾರು 185 ಮೆಗಾವ್ಯಾಟ್ ಕೊಡುತ್ತಿತ್ತು. ಆಗ ಹಬೆಯ ಬಲಕ್ಕೆ ತಿರುಗುವ ಟರ್ಬೈನಿನ ಕಟ್ಟಕಡೆಯ ಸಾಲಿನಲ್ಲಿ ಎರಡು ಬ್ಲೇಡುಗಳು ಮುರಿದವು.

ಎರಡೇ ಬ್ಲೇಡು. ಆದರೆ ಕಳಚಿದ ತುಂಡುಗಳು ಅಕ್ಕಪಕ್ಕದ ಬ್ಲೇಡುಗಳನ್ನೂ ಕತ್ತರಿಸಿದವು. ಬ್ಲೇಡುಗಳನ್ನು ಹೊತ್ತು ತಿರುಗುವ ರೋಟರ್, ತೂಕ ಒಂದು ಕಡೆಗೆ ವಾಲಿ ಅದುರತೊಡಗಿತು. ಆ ಅದುರಿಗೆ ಜನರೇಟರಿನ ಸೀಲುಗಳು ಹೋದವು, ಒಳಗಿದ್ದ ಹೈಡ್ರೋಜನ್ ಹೊರಗೆ ಬಂತು. ಎಣ್ಣೆಯ ಪೈಪುಗಳೂ ಒಡೆದವು. ಹೈಡ್ರೋಜನ್ ಮತ್ತು ಎಣ್ಣೆ ಒಂದೇ ಜಾಗದಲ್ಲಿ ಸೇರಿದರೆ ಇನ್ನೇನಾಗಬೇಕು? ಟರ್ಬೈನ್ ಹಾಲ್ ಹೊತ್ತಿಕೊಂಡಿತು. ಬೆಂಕಿ ಕೇಬಲ್ ಹಿಡಿದು ಹೊರಟು, ಕೊನೆಗೆ ಇಡೀ ಘಟಕಕ್ಕೆ ಕರೆಂಟೇ ಇಲ್ಲದಂತಾಯಿತು. ಕರೆಂಟು ಹುಟ್ಟಿಸುವ ಜಾಗದಲ್ಲೇ ಸುಮಾರು 17 ಗಂಟೆ ಕತ್ತಲು.

ವಿಕಿರಣ ಹೊರಗೆ ಸೋರಲಿಲ್ಲ. ಅಂತಾರಾಷ್ಟ್ರೀಯ ಅಣು ಅವಘಡಗಳ ಅಳತೆಪಟ್ಟಿಯಲ್ಲಿ ಇದಕ್ಕೆ 3ನೇ ಮಟ್ಟ ಸಿಕ್ಕಿತು. ಈ ಕಥೆಯನ್ನು ಸಾಮಾನ್ಯವಾಗಿ ರಿಯಾಕ್ಟರ್ ಸುರಕ್ಷತೆಯ ಕಥೆಯಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ಶುರುವಾಗಿದ್ದು ಉಕ್ಕಿನ ಎರಡು ತುಂಡುಗಳಿಂದ. ಅವು ಯಾಕೆ ಮುರಿದವು, ಅಲ್ಲಿ ನಿಲ್ಲಬೇಕಾದ ಬ್ಲೇಡಿಗೆ ಏನೇನು ಬೇಕಿತ್ತು ಅನ್ನುವುದನ್ನು ಇಲ್ಲಿ ನೋಡೋಣ.

ಬಿಸಿಯೇ ಇಲ್ಲದ ಜಾಗ

ಟರ್ಬೈನ್ ಬ್ಲೇಡ್ ಅಂದ ಕೂಡಲೇ ಜನರಿಗೆ ನೆನಪಾಗುವುದು ವಿಮಾನದ ಎಂಜಿನ್. ಕೆಂಪಗೆ ಕಾದ ನಿಕಲ್ ಮಿಶ್ರಲೋಹ, ಒಂದೇ ಹರಳಾಗಿ ಎರಕ ಹೊಯ್ದ ಬ್ಲೇಡು, ಒಳಗೆ ತಂಪು ಗಾಳಿ ಓಡುವ ಸಣ್ಣ ಸಣ್ಣ ದಾರಿಗಳು. ಅಲ್ಲಿ ಶತ್ರು ಬಿಸಿ. ಬಿಸಿಯಲ್ಲಿ ಲೋಹ ನಿಧಾನವಾಗಿ ಹಿಗ್ಗುತ್ತದೆ, ಉದ್ದವಾಗುತ್ತದೆ, ಕೊನೆಗೆ ಕೈಬಿಡುತ್ತದೆ.

ನರೋರಾದಲ್ಲಿ ಮುರಿದ ಬ್ಲೇಡಿನ ಸಂಗತಿಯೇ ಬೇರೆ. ಅದು ಇದ್ದದ್ದು ಎಲ್‌ಪಿ ಟರ್ಬೈನಿನಲ್ಲಿ, ಅಂದರೆ ಹಬೆಯ ಒತ್ತಡ ಕಡಿಮೆಯಾದ ಮೇಲೆ ಬರುವ ಭಾಗದಲ್ಲಿ, ಅದರಲ್ಲೂ ಕೊನೆಯ ಸಾಲಿನಲ್ಲಿ. ಅದನ್ನು ದಾಟಿದರೆ ಹಬೆಯನ್ನು ತಣಿಸಿ ನೀರು ಮಾಡುವ ಕಂಡೆನ್ಸರ್. ಅಲ್ಲಿಗೆ ಬರುವ ಹೊತ್ತಿಗೆ ಹಬೆ ತನ್ನ ಕಸುವೆಲ್ಲ ಕಳೆದುಕೊಂಡು ಸ್ನಾನದ ಬಿಸಿನೀರಿನಷ್ಟು ಬೆಚ್ಚಗಿರುತ್ತದೆ, ಅಷ್ಟೇ. ಉಕ್ಕಿಗೆ ಅದು ಬಿಸಿಯೇ ಅಲ್ಲ. ಇಡೀ ಟರ್ಬೈನಿನಲ್ಲಿ ಅತಿ ತಂಪಾದ ಸಾಲು ಅದು.

ಆದರೂ ಅತಿ ಹೆಚ್ಚು ಕಷ್ಟ ಪಡುವ ಸಾಲೂ ಅದೇ. ಯಾಕೆ ಅಂತ ತಿಳಿಯಬೇಕಾದರೆ ಹಬೆಯಿಂದ ಶುರು ಮಾಡಬೇಕು.

ರಾಯಚೂರಿನಂಥ ಕಲ್ಲಿದ್ದಲು ಸ್ಥಾವರದಲ್ಲಿ ಹಬೆ ಸುಮಾರು 540 ಡಿಗ್ರಿಯಲ್ಲಿ ಒಣಗಿ ಗರಿಗರಿಯಾಗಿ ಟರ್ಬೈನಿಗೆ ಬರುತ್ತದೆ. ನರೋರಾದಂಥ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ರಿಯಾಕ್ಟರಿನ ಹಬೆ ಸುಮಾರು 250 ಡಿಗ್ರಿ, 40 ಬಾರ್ ಒತ್ತಡ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 40 ಪಟ್ಟು. ಅದು ಹೊರಡುವಾಗಲೇ ನೀರಾಗುವ ಅಂಚಿನಲ್ಲಿರುತ್ತದೆ. ನಡುವೆ ಒಮ್ಮೆ ತೇವ ತೆಗೆದು ಮತ್ತೆ ಬಿಸಿ ಮಾಡಿ ಕಳಿಸುತ್ತಾರೆ. ಅಷ್ಟಾದರೂ ಕೊನೆಯ ಸಾಲಿಗೆ ಬರುವಾಗ ಅದರಲ್ಲಿ ನೀರಿನ ಹನಿಗಳು ಸೇರಿಕೊಂಡಿರುತ್ತವೆ. ಜೊತೆಗೆ ಒತ್ತಡ ಇಳಿದಂತೆ ಹಬೆ ಉಬ್ಬುತ್ತದೆ. 40 ಬಾರಿನಲ್ಲಿ ಒಂದು ಕೊಡದಷ್ಟು ಜಾಗ ಹಿಡಿಯುತ್ತಿದ್ದ ಹಬೆ, ಕಂಡೆನ್ಸರ್ ಬಾಗಿಲಿಗೆ ಬಂದಾಗ 250 ಕೊಡಗಳಷ್ಟಾದರೂ ಆಗಿರುತ್ತದೆ. ಅಷ್ಟು ಹಬೆಗೆ ದಾರಿ ಬಿಡಬೇಕು. ಹಾಗಾಗಿ ಕೊನೆಯ ಸಾಲಿನ ಬ್ಲೇಡು ಎಲ್ಲಕ್ಕಿಂತ ಉದ್ದ. ಉದ್ದವಾದ ಬ್ಲೇಡು ಅಂದರೆ ಭಾರವಾದ ಬ್ಲೇಡು, ಬಳುಕುವ ಬ್ಲೇಡು.

ಒಂದು ಕಿಲೋ ಹತ್ತು ಟನ್ ಆಗುವ ಕಥೆ

ನಮ್ಮ ದೇಶದಲ್ಲಿ ಕರೆಂಟಿನ ಫ್ರೀಕ್ವೆನ್ಸಿ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಇಂಥ ಟರ್ಬೈನ್ ಅದಕ್ಕೆ ಕಟ್ಟುಬಿದ್ದು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಗೊತ್ತು, ಕಲ್ಲು ಎಷ್ಟು ಜೋರಾಗಿ ಕೈ ಎಳೆಯುತ್ತದೆ ಅಂತ. ಅದನ್ನೇ ಸೆಕೆಂಡಿಗೆ 50 ಸುತ್ತು ಬೀಸಿ ನೋಡಿ.

ಲೆಕ್ಕ ಸುಲಭ. ನಡುವಿನಿಂದ ಒಂದು ಮೀಟರ್ ದೂರದಲ್ಲಿರುವ ಒಂದು ಕಿಲೋ ಉಕ್ಕು ಈ ವೇಗದಲ್ಲಿ ತನ್ನ ತೂಕದ ಹತ್ತು ಸಾವಿರ ಪಟ್ಟು ಜೋರಿನಿಂದ ಹೊರಕ್ಕೆ ಎಳೆಯುತ್ತದೆ. ಅಂದರೆ ಒಂದು ಕಿಲೋ ಹತ್ತು ಟನ್ ಆಗುತ್ತದೆ. ಬ್ಲೇಡು ಸುಮ್ನೆ ಉದಾಹರಣೆಗೆ ಐದು ಕಿಲೋ ಅಂತ ಇಟ್ಟುಕೊಂಡರೆ, ಅದರ ಬುಡವನ್ನು 50 ಟನ್ ಎಳೆಯುತ್ತಿರುತ್ತದೆ. ತುದಿ 1.2 ಮೀಟರ್ ದೂರದಲ್ಲಿದ್ದರೆ ಅದರ ವೇಗ ಗಂಟೆಗೆ 1350 ಕಿಲೋಮೀಟರ್ ದಾಟುತ್ತದೆ. ಗಾಳಿಯಲ್ಲಿ ಶಬ್ದ ಓಡುವುದಕ್ಕಿಂತ ಜಾಸ್ತಿ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ನರೋರಾದ ರಾತ್ರಿ ಅರ್ಥವಾಗುತ್ತದೆ. ಒಂದು ಕಡೆಯ ಐದು ಕಿಲೋ ಕಳಚಿ ಹೋಯಿತು ಅಂದರೆ, ಎದುರು ಬದಿಯ 50 ಟನ್ ಎಳೆತಕ್ಕೆ ಜೋಡಿ ಇಲ್ಲದಂತಾಯಿತು. ಆ ಎಳೆತ ರೋಟರಿನ ಜೊತೆಗೇ ತಿರುಗುತ್ತಾ ಸೆಕೆಂಡಿಗೆ 50 ಸಲ ಬೇರಿಂಗುಗಳನ್ನು ಗುದ್ದುತ್ತದೆ. ವಾಷಿಂಗ್ ಮೆಷಿನ್ನಿನಲ್ಲಿ ಕಂಬಳಿ ಒಂದು ಕಡೆ ಮುದ್ದೆಯಾದರೆ ಮೆಷಿನ್ನು ಕುಣಿಯುತ್ತಾ ಬಚ್ಚಲಿನಾಚೆ ಬರುತ್ತದಲ್ಲ, ಅದರದೇ ರಾಕ್ಷಸ ರೂಪ. ಜನರೇಟರ್ ತಂಪಾಗಿಡಲು ಒಳಗೆ ಹೈಡ್ರೋಜನ್ ತುಂಬಿರುತ್ತಾರೆ. ಅದು ಹಗುರ, ಬಿಸಿಯನ್ನು ಬೇಗ ಸಾಗಿಸುತ್ತದೆ. ಶಾಫ್ಟಿನ ಸುತ್ತ ಅದನ್ನು ತಡೆದು ಹಿಡಿದಿರುವುದು ತೆಳ್ಳನೆಯ ಎಣ್ಣೆಯ ಪದರ. ಶಾಫ್ಟೇ ಕುಣಿಯತೊಡಗಿದರೆ ಆ ಪದರ ಎಲ್ಲಿ ನಿಲ್ಲುತ್ತದೆ?

ಬ್ಲೇಡಿನ ಬುಡ

ಬ್ಲೇಡನ್ನು ರೋಟರಿಗೆ ಬೆಸುಗೆ ಹಾಕಿ ಅಂಟಿಸುವುದಿಲ್ಲ. ಬೆಸುಗೆ ಹಾಕಿದರೆ ಹಾಳಾದ ಒಂದು ಬ್ಲೇಡನ್ನು ತೆಗೆದು ಇನ್ನೊಂದು ಹಾಕುವುದು ಹೇಗೆ? ಅದಕ್ಕೇ ಬ್ಲೇಡಿನ ಬುಡವನ್ನು ಕಚ್ಚುಗಳ ಮೇಲೆ ಕಚ್ಚಾಗಿ ಕೊರೆದು ರೋಟರಿನ ತೋಡಿಗೆ ಕೂರಿಸುತ್ತಾರೆ. ತುಂಬಾ ಬಳಕೆಯಲ್ಲಿರುವ ಒಂದು ಆಕಾರಕ್ಕೆ ಎಂಜಿನಿಯರುಗಳು ಫರ್ ಟ್ರೀ ಅನ್ನುತ್ತಾರೆ. ನಮಗೆ ಫರ್ ಮರ ಅಷ್ಟು ಪರಿಚಯವಿಲ್ಲ. ದೇವಸ್ಥಾನದ ಗೋಪುರವನ್ನು ತಲೆಕೆಳಗು ಮಾಡಿದಂತೆ ಅಂದುಕೊಳ್ಳಿ, ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತಾ ಹೋಗುತ್ತದೆ. ಪ್ರತಿ ಮೆಟ್ಟಿಲೂ ಎಳೆತದ ಒಂದೊಂದು ಪಾಲು ಹೊರುತ್ತದೆ.

ತೊಂದರೆ ಇರುವುದು ಮೆಟ್ಟಿಲಿನ ಮೂಲೆಗಳಲ್ಲಿ. ಎಳೆತ ನೇರವಾಗಿ ಹರಿಯುವಾಗ ಯಾವ ತಕರಾರೂ ಇಲ್ಲ. ಮೂಲೆ ಸಿಕ್ಕಿದರೆ ಅದು ಅಲ್ಲಿ ಒತ್ತೊತ್ತಾಗಿ ಸೇರಿಕೊಳ್ಳುತ್ತದೆ, ಬಟ್ಟೆಗೆ ಕತ್ತರಿಯಲ್ಲಿ ಸಣ್ಣ ಗುರುತು ಹಾಕಿ ಎಳೆದರೆ ಅಲ್ಲಿಂದಲೇ ಹರಿಯುವ ಹಾಗೆ. ಮೂಲೆಯ ತಿರುವು ಹರಿತವಾದಷ್ಟೂ ಅಲ್ಲಿನ ಎಳೆತ ಹೆಚ್ಚು. ತಿರುವನ್ನು ಒಂದಿಷ್ಟು ದುಂಡಗೆ ಮಾಡಿದರೆ ಎಳೆತ ಗಮನಾರ್ಹವಾಗಿ ಇಳಿಯುತ್ತದೆ. ಲೋಹ ಅದೇ, ತೂಕ ಹೆಚ್ಚುಕಡಿಮೆ ಅದೇ. ಬದಲಾಗುವುದು ಒಂದು ಸಣ್ಣ ತಿರುವು ಮಾತ್ರ.

ನರೋರಾದ ಬ್ಲೇಡುಗಳು ಮುರಿದದ್ದು ಫಟೀಗ್‌ನಿಂದ. ಕನ್ನಡದಲ್ಲಿ ಲೋಹದ ದಣಿವು ಅನ್ನಬಹುದು. ಆದರೆ ಮನುಷ್ಯನ ದಣಿವು ನಿದ್ದೆ ಮಾಡಿದರೆ ಹೋಗುತ್ತದೆ, ಲೋಹದ್ದು ಹೋಗುವುದಿಲ್ಲ. ತಂತಿಯನ್ನು ಒಂದು ಸಲ ಬಗ್ಗಿಸಿದರೆ ಮುರಿಯುವುದಿಲ್ಲ. ಅದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಪಟ್ ಅಂತ ತುಂಡಾಗುತ್ತದೆ. ಬ್ಲೇಡಿನಲ್ಲಿ ಆ ಬಗ್ಗುವಿಕೆ ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಎಣಿಕೆ ದೊಡ್ಡದು.

ಒಂದು ಸುತ್ತಿನಲ್ಲಿ ಹಬೆಯಿಂದ ಒಂದೇ ಒಂದು ತಳ್ಳು ಅಂತ ಇಟ್ಟರೂ ಸೆಕೆಂಡಿಗೆ 50. ದಿನಕ್ಕೆ 43 ಲಕ್ಷದ 20 ಸಾವಿರ. ಪರೀಕ್ಷಾಲಯದಲ್ಲಿ ಉಕ್ಕಿನ ತುಂಡನ್ನು ಒಂದು ಕೋಟಿ ಸಲ ಎಳೆದು ಬಿಟ್ಟು, ಮುರಿಯದಿದ್ದರೆ ಈ ಎಳೆತಕ್ಕೆ ಅದು ಯಾವತ್ತೂ ಮುರಿಯುವುದಿಲ್ಲ ಅಂತ ಬರೆದುಕೊಳ್ಳುವುದು ರೂಢಿ. ಟರ್ಬೈನ್ ಬ್ಲೇಡು ಆ ಒಂದು ಕೋಟಿಯನ್ನು ಎರಡೂವರೆ ದಿನ ತುಂಬುವ ಮೊದಲೇ ಮುಗಿಸಿಬಿಡುತ್ತದೆ! ನರೋರಾದ ಮೊದಲ ಘಟಕ 1989ರಲ್ಲಿ ಕ್ರಿಟಿಕಲ್ ಆಯಿತು (ಅಂದರೆ ಅಣು ಸರಪಳಿ ಕ್ರಿಯೆ ತಾನಾಗಿ ನಡೆಯತೊಡಗಿತು), ವಾಣಿಜ್ಯ ಉತ್ಪಾದನೆ 1991ರ ಜನವರಿ 1ರಿಂದ. ಅಂದರೆ ಮುರಿದಾಗ ಅದು ಮುದಿ ಯಂತ್ರವಲ್ಲ. ಹಳೆಯದಾಗಿ ಸವೆದು ಹೋಯಿತು ಅನ್ನುವ ಮಾತಿಗೆ ಇಲ್ಲಿ ಜಾಗವೇ ಇಲ್ಲ. ಎಲ್ಲಿ ಎಳೆತ ಮಿತಿ ಮೀರಿದೆಯೋ ಅಲ್ಲಿ ಎರಡು ಮೂರು ವರ್ಷ ಬಹಳ ದೀರ್ಘ ಕಾಲ.

ತಾಳ ಕೂಡಬಾರದು

ಪ್ರತಿ ಬ್ಲೇಡಿಗೂ ತನ್ನದೇ ಒಂದು ತಾಳ ಇರುತ್ತದೆ. ಬೆರಳಲ್ಲಿ ತಟ್ಟಿದರೆ ತಟ್ಟೆ ಒಂದು ಸ್ವರದಲ್ಲಿ ಗುಂಯ್‌ಗುಡುತ್ತದಲ್ಲ, ಹಾಗೆ. ಜೋಕಾಲಿಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಮಗುವೂ ದೊಡ್ಡವರನ್ನು ತೂಗಬಲ್ಲದು. ಹಬೆ ಬ್ಲೇಡನ್ನು ತಳ್ಳುವುದು ಪ್ರತಿ ಸುತ್ತಿನಲ್ಲಿ ಒಂದು ಸಲ, ಎರಡು ಸಲ, ಮೂರು ಸಲ, ಹೀಗೆ ಸುತ್ತಿನ ಲೆಕ್ಕದಲ್ಲಿ. ಈ ತಳ್ಳುವಿಕೆ ಬ್ಲೇಡಿನ ತಾಳದ ಜೊತೆ ಕೂಡಿಬಿಟ್ಟರೆ ಸಣ್ಣ ನಡುಕ ಬೆಳೆದು ದೊಡ್ಡದಾಗುತ್ತದೆ. 1920ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಿಲ್ಫ್ರೆಡ್ ಕ್ಯಾಂಬೆಲ್ ಇದನ್ನು ಗೆರೆ ಎಳೆದು ನೋಡುವ ದಾರಿ ತೋರಿಸಿದರು. ಅಡ್ಡಕ್ಕೆ ಸುತ್ತುವ ವೇಗ, ಮೇಲಕ್ಕೆ ಕಂಪನ. ಬ್ಲೇಡಿನ ಗೆರೆಯೂ ತಳ್ಳುವಿಕೆಯ ಗೆರೆಯೂ ಎಲ್ಲಿ ಒಂದನ್ನೊಂದು ದಾಟುತ್ತವೋ ಆ ವೇಗದಲ್ಲಿ ಯಂತ್ರ ನಿಲ್ಲಬಾರದು. ಇವತ್ತಿಗೂ ಬ್ಲೇಡಿನ ನಕ್ಷೆ ಬರೆಯುವವರ ಮೇಜಿನ ಮೇಲೆ ಕ್ಯಾಂಬೆಲ್ ಡಯಾಗ್ರಾಂ ಇರಲೇಬೇಕು.

ಇಲ್ಲಿ ನಮ್ಮ ದೇಶದ್ದೇ ಒಂದು ಕಷ್ಟ ಸೇರಿಕೊಳ್ಳುತ್ತದೆ. 2002-03ರಲ್ಲಿ ಫ್ರೀಕ್ವೆನ್ಸಿ ನೋಡಿ ಬೆಲೆ ಕಟ್ಟುವ ಪದ್ಧತಿ ಬರುವ ತನಕ ನಮ್ಮ ಗ್ರಿಡ್, ಅಂದರೆ ಕರೆಂಟು ಸಾಗಿಸುವ ಜಾಲ, ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೇಡಿಕೆ ಏರಿದರೆ ಫ್ರೀಕ್ವೆನ್ಸಿ 49ರ ಕೆಳಗೂ ಜಾರುತ್ತಿತ್ತು, ರಾತ್ರಿ ಬೇಡಿಕೆ ಕುಸಿದರೆ 51ರ ಕಡೆ ಏರುತ್ತಿತ್ತು. ಫ್ರೀಕ್ವೆನ್ಸಿ 48.5 ಆದರೆ ಟರ್ಬೈನ್ 2910 ಸುತ್ತಿಗೆ ಇಳಿಯಿತು ಅಂತಲೇ ಅರ್ಥ. ಗಡಿಯಾರದಂತೆ ನಡೆಯುವ ಗ್ರಿಡ್ಡಿಗಾಗಿ ಬರೆದ ಬ್ಲೇಡು ಇಂಥಲ್ಲಿ ದಿನವೂ ಕೆಟ್ಟ ವೇಗದ ಹತ್ತಿರ ಸುಳಿದಾಡಬೇಕಾಗುತ್ತದೆ. ನರೋರಾದ ಬಿರುಕಿಗೆ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಭಾರತದಲ್ಲಿ ತಿರುಗಬೇಕಾದ ಬ್ಲೇಡಿನ ಬೇಡಿಕೆ ಪಟ್ಟಿಯಲ್ಲಿ ಆಗ ಇದು ಮೇಲಿನ ಸಾಲಿನಲ್ಲೇ ಇರಬೇಕಿತ್ತು, ಅಷ್ಟೇ.

ಲೋಹ ಬದಲಿಸಿದ್ದರೆ?

ಇಂಥ ಬ್ಲೇಡುಗಳಿಗೆ ಜಗತ್ತಿನಾದ್ಯಂತ ಹೆಚ್ಚಾಗಿ ಬಳಸುವುದು ಶೇಕಡ 12ರ ಆಸುಪಾಸಿನಲ್ಲಿ ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಉಕ್ಕು. ಬಲ ಸಾಕಷ್ಟಿದೆ, ತುಕ್ಕು ಬೇಗ ಹಿಡಿಯುವುದಿಲ್ಲ. ಇನ್ನೊಂದು ಗುಣ ಅಷ್ಟಾಗಿ ಮಾತಿಗೆ ಬರುವುದಿಲ್ಲ: ಈ ಉಕ್ಕು ನಡುಕವನ್ನು ತನ್ನೊಳಗೇ ಸ್ವಲ್ಪ ನುಂಗಿಕೊಳ್ಳುತ್ತದೆ.

ಹನಿಗಳ ಹೊಡೆತಕ್ಕೆ ಬೇರೆ ಉಪಾಯ ಇದೆ. ಮಲೆನಾಡಿನ ಹಳೇ ಮನೆಗಳಲ್ಲಿ ಸೂರಿನ ನೀರು ಬಿದ್ದು ಬಿದ್ದು ಅಂಗಳದ ಚಪ್ಪಡಿ ಕಲ್ಲಿನಲ್ಲಿ ಗುಳಿ ಬಿದ್ದಿರುವುದನ್ನು ನೋಡಿರುತ್ತೀರಿ. ಇಲ್ಲಿ ಹನಿ ಬ್ಲೇಡಿನ ಮೇಲೆ ಬೀಳುವುದಲ್ಲ, ಬ್ಲೇಡೇ ಶಬ್ದದ ವೇಗದಲ್ಲಿ ಹೋಗಿ ಹನಿಗೆ ಬಡಿಯುತ್ತದೆ. ಹಾಗಾಗಿ ತುದಿಯ ಮುಂಗಡೆ ಅಂಚಿಗೆ ಸ್ಟೆಲೈಟ್ ಅನ್ನುವ ಗಡಸು ಕೋಬಾಲ್ಟ್ ಮಿಶ್ರಲೋಹದ ಪಟ್ಟಿ ಕೂರಿಸುವುದು ರೂಢಿ, ಅಥವಾ ಆ ಅಂಚನ್ನೇ ಕಾಯಿಸಿ ಗಡಸು ಮಾಡುತ್ತಾರೆ. ಇಡೀ ಬ್ಲೇಡನ್ನೇ ಯಾಕೆ ಅಷ್ಟು ಗಡಸಾಗಿ ಮಾಡಬಾರದು ಅಂತ ಕೇಳಬಹುದು. ಗಡಸಾದದ್ದು ಬಿರುಕನ್ನು ತಾಳುವುದಿಲ್ಲ. ತುದಿಗೆ ಬೇಕಾದ ಗುಣವೇ ಬುಡಕ್ಕೆ ಕುತ್ತು.

ಇನ್ನು ಟೈಟಾನಿಯಂ. ಉಕ್ಕಿನ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ತೂಕ ಇಳಿದರೆ ಬುಡದ ಎಳೆತವೂ ಅಷ್ಟೇ ಪಾಲು ಇಳಿಯುತ್ತದೆ. ತುಂಬಾ ಉದ್ದದ ಬ್ಲೇಡುಗಳಿಗೆ ಅದನ್ನು ಬಳಸುತ್ತಾರೆ ಕೂಡ. ಆದರೆ ಬೆಲೆ ಜಾಸ್ತಿ, ಕೊರೆಯುವುದು ಕಷ್ಟ, ಗೀರು ಬಿದ್ದರೆ ಅದಕ್ಕೂ ಸಹನೆ ಕಡಿಮೆ. ಬುಡದ ತಿರುವು ತಪ್ಪಾಗಿದ್ದರೆ ಲೋಹ ಬದಲಿಸುವುದು ಒಡೆದ ಕೊಡಕ್ಕೆ ಹೊಸ ಬಣ್ಣ ಬಳಿದಂತೆ ಅಂತ ನನಗನ್ನಿಸುತ್ತದೆ. ನರೋರಾದ ನಂತರ ನಡೆದದ್ದನ್ನು ನೋಡಿದರೂ ತಿದ್ದಿದ್ದು ವಿನ್ಯಾಸವನ್ನು.

ಮೊದಲೇ ಗೊತ್ತಿದ್ದ ಸಂಗತಿ

ಈ ಪ್ರಕರಣದಲ್ಲಿ ಮನಸ್ಸಿಗೆ ಚುಚ್ಚುವ ಭಾಗ ಇದು. ಪ್ರಕಟವಾಗಿರುವ ವಿವರಣೆಗಳ ಪ್ರಕಾರ, ಇದೇ ಬಗೆಯ ಬ್ಲೇಡುಗಳಲ್ಲಿ ಬೇರೆ ದೇಶಗಳಲ್ಲಿ ಬಿರುಕು ಕಾಣಿಸಿಕೊಂಡಿತ್ತು. 1989ರಲ್ಲೇ ವಿನ್ಯಾಸದ ದೋಷದ ಬಗ್ಗೆ ವಿದೇಶದಿಂದ ಇಲ್ಲಿನ ಟರ್ಬೈನ್ ತಯಾರಕರಿಗೆ ಸುದ್ದಿ ಬಂದಿತ್ತು. ತಯಾರಕರು ತಿದ್ದಿದ ನಕ್ಷೆಗಳನ್ನೂ ಸಿದ್ಧಮಾಡಿದ್ದರು. ಬ್ಲೇಡುಗಳು ಮಾತ್ರ ಬದಲಾಗಲಿಲ್ಲ.

ಯಾಕೆ ಅನ್ನುವುದನ್ನು ಊಹಿಸುವುದು ಕಷ್ಟವಲ್ಲ. ಬ್ಲೇಡು ಬದಲಿಸುವುದು ಅಂದರೆ ಸೈಕಲ್ಲಿನ ಕಡ್ಡಿ ಬದಲಿಸಿದಂತಲ್ಲ. ಟರ್ಬೈನಿನ ಹೊರಕವಚವಾದ ಕೇಸಿಂಗ್ ಬಿಚ್ಚಬೇಕು, ರೋಟರ್ ಎತ್ತಬೇಕು, ಇಡೀ ಸಾಲನ್ನು ತೆಗೆದು ಹೊಸ ಬ್ಲೇಡುಗಳನ್ನು ಒಂದೊಂದಾಗಿ ತೂಗಿ, ಎದುರುಬದುರು ತೂಕ ಸರಿದೂಗುವಂತೆ ಜೋಡಿಸಬೇಕು, ಮತ್ತೆ ಬ್ಯಾಲೆನ್ಸ್ ನೋಡಬೇಕು. ಅಷ್ಟು ದಿನ ಘಟಕ ಬಂದ್. ಕರೆಂಟಿಗೆ ಹಾಹಾಕಾರ ಇದ್ದ ಕಾಲ. ಚೆನ್ನಾಗಿ ತಿರುಗುತ್ತಿರುವ ಹೊಸ ಯಂತ್ರವನ್ನು ನಿಲ್ಲಿಸಿ ಅಂದರೆ ಯಾರು ಒಪ್ಪುತ್ತಾರೆ, ಅಲ್ವಾ?

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು ಇದೆ ಅಂತ ನನ್ನ ಅಂದಾಜು. ಅಣು ಸ್ಥಾವರದಲ್ಲಿ ಎಲ್ಲರ ಕಣ್ಣು ರಿಯಾಕ್ಟರಿನ ಮೇಲೆ. ಟರ್ಬೈನ್ ಅಂದರೆ ಎಲ್ಲ ಕಡೆ ಇರುವ ಮಾಮೂಲಿ ಯಂತ್ರ, ಕೆಟ್ಟರೆ ಕರೆಂಟು ನಷ್ಟ ಅಷ್ಟೇ ಅನ್ನುವ ಎಣಿಕೆ. ಟರ್ಬೈನಿನಿಂದ ಕೇಬಲ್ಲಿಗೆ, ಕೇಬಲ್ಲಿನಿಂದ ರಿಯಾಕ್ಟರಿಗೆ ದಾರಿ ಇದೆ ಅಂತ ಕಾಣಲು ಬೆಂಕಿಯೇ ಬರಬೇಕಾಯಿತು. ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ 1975ರಲ್ಲೇ ಒಂದು ಮೇಣದ ಬತ್ತಿಯಿಂದ ಹತ್ತಿದ ಬೆಂಕಿ ಕೇಬಲ್ಲುಗಳನ್ನು ಸುಟ್ಟು ಇದೇ ಪಾಠ ಹೇಳಿತ್ತು. ನರೋರಾದಲ್ಲಿ ಮುಖ್ಯ ಕೇಬಲ್ಲೂ ಅದು ಹೋದರೆ ಇರಲಿ ಅಂತ ಇಟ್ಟ ಬದಲಿ ಕೇಬಲ್ಲೂ ಒಟ್ಟೊಟ್ಟಿಗೇ ಹಾದುಹೋಗಿದ್ದವು. ನಡುವೆ ಬೆಂಕಿ ತಡೆಯುವ ಗೋಡೆ ಇರಲಿಲ್ಲ.

ಆ ರಾತ್ರಿ

ಕೆಲಸದಲ್ಲಿದ್ದವರು ಒಂದು ನಿಮಿಷದೊಳಗೆ ರಿಯಾಕ್ಟರನ್ನು ಕೈಯಾರೆ ಟ್ರಿಪ್ ಮಾಡಿದರು, ಅಂದರೆ ನಿಲ್ಲಿಸಿದರು. ಹೊಗೆ ಕಂಟ್ರೋಲ್ ರೂಮಿಗೆ ನುಗ್ಗಿದ್ದರಿಂದ ಅಲ್ಲಿಂದ ಹೊರಗೆ ಬರಬೇಕಾಯಿತು. ರಿಯಾಕ್ಟರ್ ನಿಂತರೂ ಅದರ ಇಂಧನ ಗಂಟೆಗಟ್ಟಲೆ ಬಿಸಿ ಕಕ್ಕುತ್ತಿರುತ್ತದೆ, ಅದನ್ನು ತಣಿಸಲೇಬೇಕು. ಪಂಪುಗಳಿಗೆ ಕರೆಂಟಿಲ್ಲ. ಡೀಸೆಲ್ಲಿನಲ್ಲಿ ಓಡುವ ಅಗ್ನಿಶಾಮಕ ಪಂಪುಗಳನ್ನು ಚಾಲೂ ಮಾಡಿ ಆ ನೀರನ್ನು ಹಬೆ ಹುಟ್ಟಿಸುವ ಸ್ಟೀಮ್ ಜನರೇಟರುಗಳಿಗೆ ಬಿಟ್ಟರು. ರಿಯಾಕ್ಟರಿನ ಭಾರಜಲ ಬಿಸಿಯಾದದ್ದು ಮೇಲೇರಿ ತಣ್ಣಗಾದದ್ದು ಕೆಳಗಿಳಿದು ತಾನಾಗಿಯೇ ಸುತ್ತುತ್ತಿತ್ತು. ಕೆಲವರು ಟಾರ್ಚ್ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲೆ ಹತ್ತಿ ವಾಲ್ವುಗಳನ್ನು ಕೈಯಲ್ಲೇ ತಿರುಗಿಸಿ ಬೋರಾನ್ ದ್ರಾವಣ ಬಿಟ್ಟರು, ರಿಯಾಕ್ಟರ್ ಮತ್ತೆ ತಲೆ ಎತ್ತದಿರಲಿ ಅಂತ. ಅವರ ಹೆಸರು ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ.

ಆಮೇಲೆ

ಘಟಕ ಮತ್ತೆ ನಡೆಯಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಇದೇ ಬಗೆಯ ಟರ್ಬೈನ್ ಇದ್ದ ಕಡೆಗಳಲ್ಲಿ ಬ್ಲೇಡುಗಳ ತಪಾಸಣೆ ನಡೆಯಿತು, ಕೊನೆಯ ಸಾಲಿಗೆ ತಿದ್ದಿದ ವಿನ್ಯಾಸದ ಬ್ಲೇಡುಗಳು ಬಂದವು. ಕೇಬಲ್ಲುಗಳನ್ನು ಬೇರೆ ಬೇರೆ ದಾರಿಯಲ್ಲಿ ಎಳೆದು ನಡುವೆ ಬೆಂಕಿ ತಡೆಗಳನ್ನು ಹಾಕಿದರು.

ಬಿರುಕು ಹುಡುಕುವ ವಿಧಾನ ದೊಡ್ಡ ರಹಸ್ಯವೇನಲ್ಲ. ಬ್ಲೇಡಿನ ಮೈಗೆ ಬಣ್ಣದ ದ್ರವ ಹಚ್ಚಿ ಒರೆಸಿದರೆ ಬಿರುಕಿನಲ್ಲಿ ಉಳಿದದ್ದು ಗೆರೆಯಾಗಿ ಕಾಣುತ್ತದೆ. ಈ ಉಕ್ಕು ಅಯಸ್ಕಾಂತಕ್ಕೆ ಅಂಟುವುದರಿಂದ ಕಬ್ಬಿಣದ ಪುಡಿ ಉದುರಿಸಿಯೂ ನೋಡಬಹುದು. ಆದರೆ ಬುಡ ರೋಟರಿನ ಒಳಗೆ ಹುದುಗಿರುತ್ತದೆ. ಅಲ್ಲಿಗೆ ಅಲ್ಟ್ರಾಸೌಂಡ್ ಬಿಟ್ಟು ಪ್ರತಿಧ್ವನಿ ಕೇಳಬೇಕು, ಇಲ್ಲವೇ ಬ್ಲೇಡನ್ನೇ ಹೊರಗೆಳೆಯಬೇಕು. ಬಿರುಕು ಶುರುವಾಗುವ ಜಾಗವೇ ನೋಡಲು ಅತಿ ಕಷ್ಟವಾದ ಜಾಗ.

ಕಾರವಾರ ತಾಲ್ಲೂಕಿನ ಕೈಗಾದಲ್ಲಿರುವ ನಾಲ್ಕು ಘಟಕಗಳೂ 220 ಮೆಗಾವ್ಯಾಟಿನ ಭಾರಜಲ ರಿಯಾಕ್ಟರುಗಳೇ, ನರೋರಾದ ತಮ್ಮಂದಿರು ಅನ್ನಬಹುದು. ಅಲ್ಲಿನ ಮೊದಲ ಘಟಕ 2000ನೇ ಇಸವಿಯಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿತು. ಮುಂದೆ ಅದು 962 ದಿನ ಒಮ್ಮೆಯೂ ನಿಲ್ಲದೆ ನಡೆದು 2018ರ ಡಿಸೆಂಬರ್ 31ರಂದು ನಿಂತಿತು. ಆಗ ಅದು ವಿಶ್ವ ದಾಖಲೆ. ಪತ್ರಿಕೆಗಳು ಬರೆದದ್ದು ರಿಯಾಕ್ಟರಿನ ಬಗ್ಗೆ. ನಾನು ಕೂತು ಟರ್ಬೈನಿನ ಲೆಕ್ಕ ಹಾಕಿದೆ. ನಿಮಿಷಕ್ಕೆ 3000ದಂತೆ 962 ದಿನಕ್ಕೆ ಸುಮಾರು 415 ಕೋಟಿ ಸುತ್ತು. ಕೊನೆಯ ಸಾಲಿನ ಪ್ರತಿ ಬ್ಲೇಡೂ, ಒದ್ದೆ ಹಬೆಯಲ್ಲಿ, ಒಂದನ್ನೂ ತಪ್ಪಿಸದೆ.